ಎರಡು ಚುಕ್ಕೆ, ಒಂದು ರಬ್ಬರ್

ಸಮುದ್ರದ ಕೆಲಸದಲ್ಲಿ ನಾನು ಇಪ್ಪತ್ತಾರು ವರ್ಷ ಇದ್ದೆ. ಅಷ್ಟು ವರ್ಷಗಳಲ್ಲಿ ಹಡಗು ಹತ್ತಿದ್ದು ಎರಡೇ ಸಲ. ಎರಡೂ ಸಲ ಬಂದರು ದಾಟುವ ಮೊದಲೇ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರರಾಜನಿಗೆ ಒಪ್ಪಿಸಿ ಮಲಗಿಬಿಟ್ಟೆ. ಮಿಕ್ಕ ಕಾಲವನ್ನೆಲ್ಲ ವಿಶಾಖಪಟ್ಟಣದ ಪ್ರಯೋಗಾಲಯದ ಒಂದು ಕೋಣೆಯಲ್ಲಿ, ದೊಡ್ಡ ಮರದ ಮೇಜಿನ ಮುಂದೆ, ಕೈವಾರ ಹಿಡಿದು ಕಳೆದೆ. ನಾನು ಗುರುತು ಮಾಡಿದ ನೀರಿನಲ್ಲಿ ಒಂದು ಬೊಗಸೆಯನ್ನೂ ಮುಟ್ಟಿ ನೋಡಿದವಳಲ್ಲ.

ಮೊನ್ನೆ ಆ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ನಂಬರು ಹುಡುಕಿ ಫೋನ್ ಮಾಡಿದ್ದಳು. ಹಳೆಯ ನಕ್ಷೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಿದ್ದಾಳಂತೆ. "ಮೇಡಂ, ಎಂಬತ್ತರ ದಶಕದ ಒಂದು ವರ್ಷದಿಂದ ಈಚೆಗಿನ ನಕ್ಷೆಗಳಲ್ಲೆಲ್ಲ ಚುಕ್ಕೆಗಳು ಜೋಡಿಜೋಡಿಯಾಗಿವೆ. ಒಂದು ಕಪ್ಪು, ಒಂದು ಕೆಂಪು. ಕೆಂಪು ಯಾವುದು, ತಪ್ಪಿದ್ದಾ?" ಎಂದು ಕೇಳಿದಳು. ಫೋನಿನಲ್ಲಿ ಅರ್ಧ ಹೇಳಿದೆ. ಉಳಿದ ಅರ್ಧವನ್ನು ಅವಳಿಗೂ ಅವಳಂತೆ ಈ ಕೆಲಸಕ್ಕೆ ಬರುವವರಿಗೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯವರು ನೌಕಾಪಡೆಯಲ್ಲಿದ್ದರು. ಇಬ್ಬರೂ ಅರಸೀಕೆರೆ ಕಡೆಯವರು. ಅಲ್ಲಿ ಸಮುದ್ರದ ಮಾತು ಬಿಡಿ, ತುಂಬಿದ ಕೆರೆ ಕಂಡರೇ ಜನ ನೋಡಲು ಹೋಗುತ್ತಿದ್ದರು. ಎಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದೆ. ಅವರು ಹಡಗಿನ ಮೇಲೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಊರಂಚಿನ ಪೆಂಡುರ್ತಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಕೂತು ಗೋಡೆ ಎಣಿಸುವುದು ಬೇಜಾರಾಗಿ, ಭೌತಶಾಸ್ತ್ರದ ಬಿ.ಎಸ್ಸಿ. ಹಿಡಿದುಕೊಂಡು ಒಂದು ಅರ್ಜಿ ಹಾಕಿದೆ.

ಸಂದರ್ಶನ ಮಾಡಿದವರು ದೇಸಾಯಿ ಸರ್. ನೀರಿನೊಳಗೆ ಫ್ಲೋಟ್ ಬಿಟ್ಟು ಪ್ರವಾಹದ ದಾರಿ ಹಿಡಿಯುವ ವಿಭಾಗ ಅವರದು. ಧಾರವಾಡದ ಕಡೆಯವರು. ಆಂಧ್ರದಲ್ಲಿ ಇಪ್ಪತ್ತು ವರ್ಷ ಕಳೆದಿದ್ದರೂ ಅವರಿಗೆ ಬರುತ್ತಿದ್ದ ತೆಲುಗು "ಟೀ ತೀಸುಕುರಾ", ಅಂದರೆ ಟೀ ತಾ, ಎಂಬಷ್ಟೇ. ಅರ್ಜಿಯಲ್ಲಿ ನನ್ನ ಊರು ನೋಡಿ ಕನ್ನಡಕ್ಕೆ ಇಳಿದುಬಿಟ್ಟರು.

"ವಿಮಲಾಬಾಯಾರ, ಮಿಂಚು ಕಂಡ ಮ್ಯಾಲೆ ಗುಡುಗು ಕೇಳಾಕ ಎಷ್ಟು ಹೊತ್ತಾಗತೈತಿ ಅಂತ ಯಾವಾಗರ ಎಣಿಸೀರೇನು?"

"ಎಣಿಸಿದ್ದೀನಿ ಸಾರ್. ನಮ್ಮಮ್ಮ ಕಲ್ಸಿದ್ದು."

"ಹಂಗಾರ ನಿಮಗ ಈ ಕೆಲಸ ಬರತೈತಿ."

ನಿಜವಾಗಿ ಅಷ್ಟೇ ಕೆಲಸ. ಫ್ಲೋಟ್ ಎಂದರೆ ಆಳೆತ್ತರದ ಅಲ್ಯೂಮಿನಿಯಂ ಕೊಳವೆ. ಒಳಗೆ ಬ್ಯಾಟರಿ, ಗಡಿಯಾರ, ಶಬ್ದ ಮಾಡುವ ಒಂದು ಯಂತ್ರ. ಅದನ್ನು ಸಮುದ್ರದಲ್ಲಿ ಬಿಟ್ಟರೆ ಮುನ್ನೂರು ಮೀಟರ್ ಆಳಕ್ಕೆ ಇಳಿದು, ಅತ್ತ ಮುಳುಗದೆ ಇತ್ತ ಏಳದೆ ನಿಂತು, ಅಲ್ಲಿನ ನೀರು ಕರೆದ ಕಡೆ ಹೋಗುತ್ತದೆ. ದಿನವೂ ಗೊತ್ತಾದ ಹೊತ್ತಿಗೆ ಗುಂಯ್ ಎಂದು ಕೂಗುತ್ತದೆ. ದೂರದಲ್ಲಿ ಲಂಗರು ಹಾಕಿ ನಿಲ್ಲಿಸಿದ ಕೇಳುವ ಸ್ಟೇಷನ್ನುಗಳಿರುತ್ತವೆ, ಅಂದರೆ ನೀರೊಳಗಿನ ಮೈಕು ಮತ್ತು ಟೇಪು. ಕೂಗಿದ ಹೊತ್ತು ನಮಗೆ ಗೊತ್ತು, ಕೇಳಿಸಿದ ಹೊತ್ತು ಟೇಪಿನಲ್ಲಿರುತ್ತದೆ. ನಡುವಿನ ಸೆಕೆಂಡುಗಳನ್ನು ನೀರಿನಲ್ಲಿ ಶಬ್ದ ಹೋಗುವ ವೇಗದಿಂದ ಗುಣಿಸಿದರೆ ದೂರ ಬಂತು.

ಕೇಳಲು ಸುಲಭ. ಆದರೆ ಫ್ಲೋಟನ್ನು ಬೇಕಾದ ಆಳದಲ್ಲಿ ನಿಲ್ಲಿಸುವುದು ಚಿನಿವಾರನ ಕೆಲಸ. ಕೆಲವೇ ಗ್ರಾಮ್ ತೂಕ ಹೆಚ್ಚಾದರೂ ಎಷ್ಟೋ ಮೀಟರ್ ಕೆಳಗೆ ಹೋಗಿ ಕೂರುತ್ತಿತ್ತು. ಈ ತೂಕದ ಕೆಲಸ ನಮ್ಮ ಮೆಕ್ಯಾನಿಕ್ ಅಪ್ಪಲರಾಜು ಅವರದು. ಉಪ್ಪುನೀರಿನ ತೊಟ್ಟಿಯಲ್ಲಿ ಕೊಳವೆ ಮುಳುಗಿಸಿ, ಸಣ್ಣ ಸಣ್ಣ ಬಿಲ್ಲೆ ಸೇರಿಸುತ್ತಾ ತೆಗೆಯುತ್ತಾ ಇಡೀ ದಿನ ಕೂರುವ ತಾಳ್ಮೆ ಅವರಿಗಿತ್ತು. ಹೀಗಿದ್ದೂ ಮೊದಲ ವರ್ಷ ಬಿಟ್ಟ ಫ್ಲೋಟ್‌ಗಳೆಲ್ಲ ಹೇಳಿದ್ದಕ್ಕಿಂತ ಕೆಳಗೇ ಹೋಗುತ್ತಿದ್ದವು. ಲೆಕ್ಕವನ್ನು ಮೂರು ಸಲ ತಿದ್ದಿದೆವು. ಉಪ್ಪು ಬದಲಾಯಿಸಿದೆವು. ದೇಸಾಯಿ ಸರ್ ತಕ್ಕಡಿಯನ್ನೇ ಬೈದರು. ಕೊನೆಗೆ ವಾಪಸ್ಸು ಸಿಕ್ಕ ಒಂದು ಫ್ಲೋಟನ್ನು ತೊಳೆಯುವಾಗ ಅದರ ಕೊರಳಿನ ಬಳಿ ಕಪ್ಪು ದಾರದಲ್ಲಿ ತಾಮ್ರದ ತಾಯತವೊಂದು ನೇತಾಡುತ್ತಿತ್ತು.

ಅಪ್ಪಲರಾಜು ತಲೆ ಬಗ್ಗಿಸಿದರು. ಪ್ರತಿ ಫ್ಲೋಟನ್ನೂ ತೂಕ ಮಾಡಿ ಮುಗಿಸಿದ ಮೇಲೆ, ಹಡಗು ಹತ್ತಿಸುವ ದಿನ, ಸಿಂಹಾಚಲಂ ಸ್ವಾಮಿಯ ಹತ್ತಿರ ಪೂಜೆ ಮಾಡಿಸಿದ ತಾಯತ ಕಟ್ಟಿ ಕಳಿಸುತ್ತಿದ್ದರು. "ಒಬ್ಬೊಬ್ಬನೇ ಅಷ್ಟು ಆಳಕ್ಕೆ ಹೋಗೋದಲ್ವಾ ಮೇಡಂಗಾರೂ" ಎಂದರು. ಸರ್ ತಾಯತ ಬಿಚ್ಚಿಸುತ್ತಾರೆ ಎಂದುಕೊಂಡಿದ್ದೆ. ಅವರು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. "ಕಟ್ಟಬ್ಯಾಡ ಅನ್ನೂದಿಲ್ಲ. ಮೊದಲ ಪೂಜಿ, ಆಮ್ಯಾಲೆ ತೂಕ" ಎಂದು ತೀರ್ಮಾನ ಕೊಟ್ಟರು. ಆಮೇಲಿನಿಂದ ತಾಯತದ ಸಮೇತ ತೂಕ ಮಾಡಿದ ಫ್ಲೋಟ್‌ಗಳು ಹೇಳಿದ ಆಳದಲ್ಲಿ ನಿಂತವು.

ನನ್ನ ಪಾಲಿನದು ಟೇಪು. ಹಡಗು ಹೋಗಿ ಸ್ಟೇಷನ್ನುಗಳನ್ನು ಎತ್ತಿ ತಂದ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು. ಸಮುದ್ರದೊಳಗೆ ಮೌನ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಸೀಗಡಿಗಳು ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಎನ್ನುತ್ತಿರುತ್ತವೆ, ಹಡಗುಗಳು ಗಿರಣಿಯಂತೆ ಹಾದುಹೋಗುತ್ತವೆ. ಸೇರಿದ ಹೊಸದರಲ್ಲಿ ನಾನು ಹನ್ನೊಂದು ದಿನ ಬಹಳ ಶ್ರದ್ಧೆಯಿಂದ ಒಂದು ಶಬ್ದವನ್ನು ಗುರುತು ಹಾಕಿದ್ದೆ. ಅದು ಸ್ಟೇಷನ್ನಿನದೇ ಸರಪಳಿ ಬಡಿದುಕೊಳ್ಳುವ ಸದ್ದಾಗಿತ್ತು. ಸರ್ ನಕ್ಕಿದ್ದರಿಂದ ಬದುಕಿದೆ.

ಈಗ ಚುಕ್ಕೆಯ ವಿಷಯಕ್ಕೆ ಬರುತ್ತೇನೆ. ನಮಗೆ ಇದ್ದದ್ದು ಎರಡೇ ಸ್ಟೇಷನ್. ಒಂದು ವಿಶಾಖಪಟ್ಟಣದ ದಡಕ್ಕೆ ಹತ್ತಿರ, ಇನ್ನೊಂದು ಅದರ ನೇರಕ್ಕೆ ಒಳಸಮುದ್ರದಲ್ಲಿ. ಎರಡರಿಂದಲೂ ಫ್ಲೋಟಿನ ದೂರ ಗೊತ್ತಾದರೆ ನಕ್ಷೆಯ ಮೇಲೆ ಎರಡು ವೃತ್ತ ಎಳೆಯಬಹುದು. ಆದರೆ ಎರಡು ವೃತ್ತಗಳು ಎರಡು ಕಡೆ ಕತ್ತರಿಸುತ್ತವೆ. ಸ್ಟೇಷನ್ನುಗಳನ್ನು ಸೇರಿಸುವ ಗೆರೆಯ ಉತ್ತರಕ್ಕೊಂದು, ದಕ್ಷಿಣಕ್ಕೆ ಸರಿಯಾಗಿ ಕನ್ನಡಿಯಲ್ಲಿ ಕಂಡಂತೆ ಇನ್ನೊಂದು. ಫ್ಲೋಟ್ ಇರುವುದು ಒಂದೇ ಕಡೆ. ಯಾವ ಕಡೆ ಎಂದು ಶಬ್ದ ಹೇಳುವುದಿಲ್ಲ. ಉತ್ತರದಲ್ಲಿ ಬಿಟ್ಟಿದ್ದರೆ ಮೊದಲ ದಿನಗಳಲ್ಲಿ ಉತ್ತರದ್ದೇ ನಿಜ. ಹಾಗಾಗಿ ಎರಡೂ ಕಡೆ ಕೈವಾರದ ಮುಳ್ಳಿನಿಂದ ಚುಚ್ಚಿ, ಪೆನ್ಸಿಲಿನಿಂದ ಚುಕ್ಕೆ ಇಟ್ಟು, ಬೇಡದ್ದನ್ನು ರಬ್ಬರಿನಿಂದ ಅಳಿಸಿ, ಬೇಕಾದ್ದಕ್ಕೆ ಇಂಕು ಹಾಕುತ್ತಿದ್ದೆವು. ನಕ್ಷೆ ಚೊಕ್ಕಟವಾಗಿ ಕಾಣಬೇಕಲ್ಲ. ಫ್ಲೋಟ್ ಗೆರೆಯನ್ನು ಮುಟ್ಟಿದಾಗ ಮಾತ್ರ ಕಷ್ಟ. ದಾಟಿತೋ, ಹಿಂದಕ್ಕೆ ತಿರುಗಿತೋ ಎಂಬುದು ಖಚಿತವಾಗುವವರೆಗೆ ಎರಡೂ ಚುಕ್ಕೆ ಇರಬೇಕು, ಯಾವುದನ್ನೂ ಅಳಿಸಬಾರದು. ಇದು ಸರ್ ಕಲಿಸಿದ ಮೊದಲ ನಿಯಮ.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗೆರೆಯ ಉತ್ತರಕ್ಕೆ ಒಂದು ಫ್ಲೋಟ್ ಬಿಟ್ಟೆವು. ಐವತ್ತು ದಿನದ ಮೇಲೆ, ಗಡಿಯಾರ ಹೇಳಿದ ಬೆಳಗ್ಗೆ, ಅದು ತನ್ನ ಭಾರ ಕಳಚಿಕೊಂಡು ಮೇಲೆ ಬಂದು ರೇಡಿಯೋದಲ್ಲಿ ಕರೆಯಬೇಕಿತ್ತು. ಆ ದಿನ ನಾಗುಲ ಚವಿತಿ, ಆಂಧ್ರದಲ್ಲಿ ದೀಪಾವಳಿಯಾದ ಮೇಲೆ ಕಾರ್ತೀಕದಲ್ಲಿ ಬರುವ ನಾಗರ ಚೌತಿ. ಅಪ್ಪಲರಾಜು ಹುತ್ತಕ್ಕೆ ಹಾಲೆರೆಯಲು ರಜೆ ಹಾಕಿದ್ದರಿಂದ ರೇಡಿಯೋದ ಮುಂದೆ ನಾನೇ ಕೂತಿದ್ದೆ. ಅದು ಕರೆಯಲೇ ಇಲ್ಲ. ಫ್ಲೋಟ್ ಹೋಯಿತು ಎಂದು ಬರೆದಿಟ್ಟು, ವಾರದ ಮೇಲೆ ಹಡಗಿನವರು ತಂದ ಟೇಪುಗಳನ್ನು ಕೇಳತೊಡಗಿದೆ.

ಆ ದಿನಗಳಲ್ಲಿ ದೇಸಾಯಿ ಸರ್ ಮಂಕಾಗಿದ್ದರು. ಈ ಕೊಳವೆ ಬಿಡುವ ಆಟ ಸಾಕು, ಹೇಳಿಕೊಳ್ಳುವಂಥದ್ದು ಏನು ಸಿಕ್ಕಿದೆ ಎಂದು ಮೇಲಿನವರು ಕೇಳುತ್ತಿದ್ದರು. ತಿಂಗಳ ಕೊನೆಗೆ ಒಂದು ಸಭೆ. ಅಲ್ಲಿ ಏನೂ ತೋರಿಸದಿದ್ದರೆ ನಮ್ಮ ವಿಭಾಗ ಮುಚ್ಚುವುದು ಗ್ಯಾರಂಟಿ. ಅಪ್ಪಲರಾಜು ಬಂದರಿನ ವರ್ಕ್‌ಶಾಪಿಗೆ, ನಾನು ಟೈಪಿಂಗ್ ಕೋಣೆಗೆ ಹೋಗಬೇಕಾಗುತ್ತಿತ್ತು. ನಾನು ನಕ್ಷೆಯ ಮೇಲೆ ಚುಕ್ಕೆ ಇಡುತ್ತಾ ಬಂದೆ. ಫ್ಲೋಟ್ ದಕ್ಷಿಣಕ್ಕೆ ಇಳಿದು ಇಳಿದು ಗೆರೆಯನ್ನು ಮುಟ್ಟಿತು. ಆಮೇಲೆ ದೂರ ಮತ್ತೆ ಹೆಚ್ಚಾಗತೊಡಗಿತು. ಎರಡೂ ಕಡೆ ಚುಚ್ಚಿ ಎರಡೂ ಕಡೆ ಪೆನ್ಸಿಲ್ ಇಟ್ಟೆ. ರೂಢಿಯಂತೆ ಉತ್ತರದ ಚುಕ್ಕೆಗಳು ಸ್ವಲ್ಪ ಗಾಢವಾಗಿದ್ದವು.

ಸರ್ ಹಿಂದೆ ಬಂದು ನಿಂತದ್ದು ಆಗಲೇ.

"ಬಾಯಾರ! ಇದು ತಿರುಗೇತಿ! ಸುಳಿ ಐತಿ ಇಲ್ಲೆ, ಸುಳಿ!"

ಆ ಮುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮುನ್ನೂರು ಮೀಟರ್ ಆಳದಲ್ಲಿ ಯಾರೂ ನೋಡಿರದ ದೊಡ್ಡ ಸುಳಿ, ಫ್ಲೋಟನ್ನು ತಿರುಗಿಸಿ ಒಡಿಶಾದ ಗೋಪಾಲಪುರದ ಕಡೆಗೆ ಕಳಿಸಿದೆ ಎಂದು ಬೆರಳಿನಲ್ಲಿ ಗಾಳಿಯಲ್ಲೇ ಬರೆದರು. ಅಪ್ಪಲರಾಜು ಅವರನ್ನು ಅಂಗಡಿಗೆ ಓಡಿಸಿ ಮಾಡುಗುಲ ಹಲ್ವಾ ತರಿಸಿದರು. ನಾನು ಒಂದು ಕೈಯಲ್ಲಿ ಹಲ್ವಾ ತಿನ್ನುತ್ತಾ ಇನ್ನೊಂದು ಕೈಯಲ್ಲಿ ದಕ್ಷಿಣದ ಚುಕ್ಕೆಗಳನ್ನೆಲ್ಲ ಅಳಿಸಿದೆ. ಉತ್ತರಕ್ಕೆ ಇಂಕು ಹಾಕಿದೆ. ಬಾಗು ಎಷ್ಟು ಚೆಂದ ಬಂದಿತ್ತೆಂದರೆ ನನಗೇ ಹೆಮ್ಮೆಯಾಯಿತು. ಸಭೆಗೆ ವರದಿ ಹೋಯಿತು.

ಸಭೆಗೆ ಐದು ದಿನ ಇರುವಾಗ ವಿಜಯವಾಡದ ಪೊಲೀಸರಿಂದ ಸುದ್ದಿ ಬಂತು. ಮೀನುಗಾರರ ಬಲೆಯಲ್ಲಿ ಬಾಂಬಿನಂಥದ್ದೊಂದು ಸಿಕ್ಕಿದೆ, ಪರೀಕ್ಷೆಗೆಂದು ಇಲ್ಲಿಗೆ ತಂದಿಟ್ಟಿದ್ದೇವೆ, ಮೇಲೆ ನಿಮ್ಮ ವಿಳಾಸವಿದೆ, ಬಂದು ನೋಡಿ. ವಿಜಯವಾಡದ ಭವಾನಿಪುರಂನಲ್ಲಿ ನಮ್ಮ ಅಕ್ಕನ ಮನೆ ಇತ್ತು. ಭಾವ ಬ್ಯಾಂಕಿನಿಂದ ವರ್ಗವಾಗಿ ಬಂದಿದ್ದರು. ಉಳಿಯಲು ಜಾಗ ಇದೆ, ತೆಲುಗೂ ಬರುತ್ತದೆ ಎಂದು ಸರ್ ನನ್ನನ್ನೇ ಕಳಿಸಿದರು.

ಪೊಲೀಸ್ ಸ್ಟೇಷನ್ನಿನ ಹಿತ್ತಲಲ್ಲಿ ಮರಳಿನ ಮೂಟೆಗಳ ನಡುವೆ ನಮ್ಮ ಫ್ಲೋಟ್ ಮಲಗಿತ್ತು. ಸುತ್ತಲೂ ಹಗ್ಗ ಕಟ್ಟಿದ್ದರು. ಕಾವಲಿನ ಪೇದೆ ಬೇವಿನ ಮರದ ಹಿಂದೆ ನಿಂತಿದ್ದ. ನಾನು ಹಗ್ಗ ದಾಟಿ ಹೋಗಿ ಎಮ್ಮೆಯ ಬೆನ್ನು ತಟ್ಟಿದ ಹಾಗೆ ಅದನ್ನು ತಟ್ಟಿದೆ. ಇನ್ಸ್‌ಪೆಕ್ಟರೂ ಸೇರಿ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ರೇಡಿಯೋದ ಕಡ್ಡಿ ಮುರಿದಿತ್ತು. ತಾಯತ ಮಾತ್ರ ಭದ್ರವಾಗಿತ್ತು.

ಫ್ಲೋಟ್ ಹಿಡಿದ ಪೋಲಯ್ಯನನ್ನೂ ಹೇಳಿಕೆಗೆಂದು ಕರೆಸಿದ್ದರು. ಮಚಲೀಪಟ್ಟಣದ ಮೀನುಗಾರ, ನಲವತ್ತು ದಾಟಿದ ಆಸಾಮಿ. "ನೋಡಮ್ಮಾ, ನಾನು ಅವತ್ತಿಂದ ಹೇಳ್ತಾ ಇದ್ದೀನಿ. ಬಾಂಬಿಗೆ ಯಾರಾದರೂ ತಾಯತ ಕಟ್ತಾರಾ?" ಎಂದು ತೆಲುಗಿನಲ್ಲಿ ದೂರಿದ. ನನಗೆ ನಗು ತಡೆಯಲಾಗಲಿಲ್ಲ.

ಎಲ್ಲಿ ಸಿಕ್ಕಿತು ಎಂದು ಕೇಳಿದೆ.

"ನಮ್ಮೂರಿನಿಂದ ಅರ್ಧ ದಿನ ಒಳಗೆ."

"ಯಾವತ್ತು?"

"ನಾಗುಲ ಚವಿತಿಯ ಮಾರನೇ ದಿನ. ಚವಿತಿಯ ದಿನ ನಾವು ದೋಣಿ ಇಳಿಸಲ್ಲಮ್ಮಾ. ಮಾರನೇ ದಿನ ಮೊದಲ ಬಲೆಗೇ ಇವನು ಬಂದ."

ನನ್ನ ನಗು ನಿಂತುಹೋಯಿತು. ಚವಿತಿಯ ಬೆಳಗ್ಗೆ ಮೇಲೆ ಬಂದ ಫ್ಲೋಟ್ ಮಾರನೇ ದಿನ ಮಚಲೀಪಟ್ಟಣದ ಬಲೆಯಲ್ಲಿ. ಅಂದರೆ ಅದು ಗೋಪಾಲಪುರದ ಕಡೆಗೆ ಹೋಗಿರಲೇ ಇಲ್ಲ. ಗೆರೆ ದಾಟಿ ನೆಟ್ಟಗೆ ದಕ್ಷಿಣಕ್ಕೆ ಬಂದಿತ್ತು.

"ಈ ತಿಂಗಳಲ್ಲಿ ನೀರು ಎತ್ತ ಎಳೆಯುತ್ತೆ ಪೋಲಯ್ಯಾ?" ಎಂದೆ.

"ಇದೇನಮ್ಮಾ ಕೇಳ್ತೀರಿ, ಕಾರ್ತೀಕದಲ್ಲಿ ದಕ್ಷಿಣಕ್ಕೇ ಅಲ್ವಾ? ಬಲೆ ಬಿಟ್ಟ ಯಾರನ್ನಾದರೂ ಕೇಳಿ" ಎಂದ.

ಪೊಲೀಸರು ಹೇಳಿಕೆಯ ಪ್ರತಿಯೊಂದನ್ನು ಕೊಟ್ಟರು. ಅವಸರದ ತೆಲುಗು ಬರಹ, ಅಕ್ಷರಗಳು ಇರುವೆ ಸಾಲಿನಂತೆ ಇದ್ದವು. ಅದನ್ನು ಕನ್ನಡಕ್ಕೋ ಇಂಗ್ಲಿಷಿಗೋ ಮಾಡಿ ಕೊಡಬೇಕಾದವಳು ನಾನೇ. ಸಿಕ್ಕ ದಿನ ಯಾವುದೆಂದು ನಾನು ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಲೆ ಬಂದ ಫ್ಲೋಟ್ ಗಾಳಿಗೆ ಸಿಕ್ಕಿ ಹದಿನೈದು ದಿನ ತೇಲಿ ಮಚಲೀಪಟ್ಟಣಕ್ಕೆ ಬಂತು ಎಂದರೆ ಯಾರಾದರೂ ನಂಬುತ್ತಿದ್ದರು. ಈ ಯೋಚನೆ ನನಗೆ ಬಂತು. ಬರಲಿಲ್ಲ ಎಂದು ಈಗ ಸುಳ್ಳು ಹೇಳುವುದಿಲ್ಲ.

ಅಕ್ಕನ ಮನೆಯ ಮಹಡಿಯ ಮೇಲಿಂದ ಕೃಷ್ಣೆ ಕಾಣುತ್ತಿತ್ತು. ಸಂಜೆ ಅಲ್ಲಿ ಕೂತು ಅವಳಿಗೆ ಎಲ್ಲ ಹೇಳಿದೆ. ಕೇಳಿ ಅವಳು ಗಾಬರಿಯಾದಳು.

"ಸುಮ್ನೆ ಬಾಯ್ಮುಚ್ಕೊಂಡಿರೇ. ನಿಮ್ ಸಾಹೇಬ್ರಿಗೂ ಒಳ್ಳೇದು, ನಿಂಗೂ ಒಳ್ಳೇದು. ನೀರೊಳಗೆ ಅದು ಎತ್ಲಾಗ್ ಹೋದ್ರೆ ಯಾರಿಗೇನಾಗ್ಬೇಕು?"

"ನಾವ್ ಕೂತಿರೋದೇ ಅದ್ನ ಹೇಳೋಕಲ್ವಾ ಅಕ್ಕ?"

ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಅವಳ ಮಗಳು ತಲೆಯೆತ್ತಿ, "ಪಿನ್ನಿ, ರಬ್ಬರ್ ಇದಿಯಾ?" ಎಂದಳು. ಆ ಮಗುವಿಗೆ ನಾನು ಚಿಕ್ಕಮ್ಮನಲ್ಲ, ತೆಲುಗಿನ ಪಿನ್ನಿ. ಚೀಲದಲ್ಲಿ ರಬ್ಬರ್ ಇತ್ತು. ಕೊಟ್ಟು, ಅವಳು ಅಳಿಸುವುದನ್ನೇ ನೋಡುತ್ತಾ ಕೂತೆ.

ಮರುದಿನ ರೈಲಿಳಿದು ನೇರ ಪ್ರಯೋಗಾಲಯಕ್ಕೆ ಹೋದೆ. ಸರ್ ಸಭೆಯ ಭಾಷಣ ತಿದ್ದುತ್ತಿದ್ದರು. ನಿಂತುಕೊಂಡೇ ಹೇಳಿದೆ.

"ಸಾರ್, ಫ್ಲೋಟು ಸಿಕ್ಕಿದ್ದು ಮಚಲೀಪಟ್ಣದ ಹತ್ರ. ಮೇಲಕ್ಕೆ ಬಂದ ಮಾರನೇ ದಿನಾನೇ."

ಅವರು ಪೆನ್ನು ಕೆಳಗಿಟ್ಟರು. "ಮ್ಯಾಲೆ ಬಂದು ಗಾಳಿಗೆ ತೇಲಿ ಹೋಗಿರಬೇಕು" ಎಂದರು. ಆಮೇಲೆ ತಾವೇ ತಲೆಯಾಡಿಸಿದರು. "ಒಂದ ದಿನದಾಗ ಗೋಪಾಲಪುರದಿಂದ ಮಚಲೀಪಟ್ಣಕ್ಕ? ರೈಲಿನಾಗ ಹೋಗಬೇಕಾದ್ರೂ ಅಷ್ಟ ಹೊತ್ತು ಹಿಡೀತೈತಿ."

ಗೋಡೆಯಿಂದ ನಕ್ಷೆಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ಪೆನ್ಸಿಲನ್ನು ನಾನು ಅಳಿಸಿದ್ದೆ. ಕೈವಾರದ ಮುಳ್ಳು ಚುಚ್ಚಿದ ತೂತುಗಳನ್ನು ಯಾವ ರಬ್ಬರೂ ಅಳಿಸುವುದಿಲ್ಲ. ಗೆರೆಯ ದಕ್ಷಿಣಕ್ಕೆ ಸಣ್ಣ ಸಣ್ಣ ಬೆಳಕಿನ ಬಿಂದುಗಳು ಒಂದರ ಹಿಂದೆ ಒಂದು ಹೊರಟು, ಮಚಲೀಪಟ್ಟಣದ ದಿಕ್ಕಿಗೆ ಸಾಲಾಗಿ ನಿಂತಿದ್ದವು. ಅಲ್ಲಿ ಯಾವ ಸುಳಿಯೂ ಇರಲಿಲ್ಲ.

"ಅಳಸೂ ಮುಂದ ನಿಮಗ ಗೊತ್ತಿತ್ತೇನ್ರಿ, ಆ ಕಡೀನೂ ಇರಬಹುದು ಅಂತ?"

"ಗೊತ್ತಿತ್ತು ಸಾರ್."

"ಮತ್ತ್ಯಾಕ ಅಳಿಸಿದ್ರಿ?"

"ನಿಮಗೆ ಅಷ್ಟೊಂದು ಖುಷಿಯಾಗಿತ್ತಲ್ಲ ಸಾರ್."

ಅವರು ನಕ್ಷೆಯನ್ನು ನನ್ನ ಮೇಜಿನ ಮೇಲೆ ಹರಡಿದರು. ಬೈದರೆ ಸಾಕು, ಅತ್ತು ಹಗುರಾಗಬಹುದು ಎಂದು ಕಾಯುತ್ತಿದ್ದೆ.

"ಎರಡು ಸ್ಟೇಷನ್ ಅಂದ್ರ ಎರಡು ಚುಕ್ಕಿ ಇರಬೇಕು ಅಂತ ನನಗ ಗೊತ್ತಿರಲಿಲ್ಲೇನು? ನಿಮಗ ಕಲಿಸಿದಾಂವ ನಾನ. ಇನ್ನೊಂದು ಚುಕ್ಕಿ ಎಲ್ಲಿ ಅಂತ ನಾನೂ ಕೇಳಲಿಲ್ಲ" ಎಂದರು. ನನ್ನ ಮೇಜಿನ ಮೇಲಿದ್ದ ರಬ್ಬರನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. "ಹೊಸಾ ಹಾಳಿ ತಗೀರಿ. ಎರಡೂ ಹಾಕ್ರಿ. ಕಪ್ಪು ಒಂದು, ಕೆಂಪು ಒಂದು."

ಸಭೆಯಲ್ಲಿ ಅವರು ಎರಡೂ ನಕ್ಷೆಗಳನ್ನು ತೂಗುಹಾಕಿದರಂತೆ. ಇದು ನಾವು ತಪ್ಪಿದ್ದು, ಇದು ನಿಜವಾದ ದಾರಿ, ಒಬ್ಬ ಮೀನುಗಾರನ ಬಲೆ ನಮ್ಮನ್ನು ತಿದ್ದಿತು, ಪ್ರತಿ ಸಲವೂ ಅಂಥ ಬಲೆ ಸಿಗುವುದಿಲ್ಲವಾದ್ದರಿಂದ ಮೂರನೇ ಸ್ಟೇಷನ್ ಕೊಡಿ ಎಂದು ಕೇಳಿದರಂತೆ. ಕೆಲವರು ನಕ್ಕರು. ವಿಭಾಗ ಮುಚ್ಚಬೇಕೆಂದಿದ್ದ ದೊಡ್ಡವರೊಬ್ಬರು ಮಾತ್ರ ನಗದೆ ಹತ್ತಿರ ಬಂದು ತೂತುಗಳನ್ನು ನೋಡಿದರಂತೆ. ಇದನ್ನೆಲ್ಲ ನನಗೆ ಹೇಳಿದವರು ಸರ್ ಜೊತೆ ಹೋಗಿದ್ದ ಅಪ್ಪಲರಾಜು. "ಸರ್‌ಗಾರು ಶುರುವಿನಿಂದ ಕೊನೇವರೆಗೆ 'ನಾವು' ಅಂದರು ಮೇಡಂಗಾರೂ, ಒಂದು ಸಲಾನೂ ನಿಮ್ಮ ಹೆಸರು ಎತ್ತಲಿಲ್ಲ" ಎಂದರು. ಅವತ್ತು ಪೆಂಡುರ್ತಿಯ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಅಷ್ಟು ಸಂತೋಷದಿಂದ ಅತ್ತದ್ದು ಮತ್ತೆ ನೆನಪಿಲ್ಲ.

ಮೂರನೇ ಸ್ಟೇಷನ್ ಬರಲು ಎರಡು ವರ್ಷ ಹಿಡಿಯಿತು. ಅದು ಬಂದ ಮೇಲೆ ಮೂರನೇ ವೃತ್ತ ಎರಡು ಚುಕ್ಕೆಗಳಲ್ಲಿ ನಿಜವಾದದ್ದರ ಮೇಲೆ ಹಾದುಹೋಗುತ್ತಿತ್ತು. ಆದರೂ ನಾವು ಕೆಂಪು ಚುಕ್ಕೆಯನ್ನು ಬಿಡಲಿಲ್ಲ. ತೊಂಬತ್ತರ ದಶಕದಲ್ಲಿ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಯಿತು. ಆಮೇಲೆ ಬಂದ ಫ್ಲೋಟ್‌ಗಳು ತಾವೇ ಶಬ್ದ ಕೇಳಿಸಿಕೊಂಡು, ಮೇಲೆ ಬಂದು ಉಪಗ್ರಹಕ್ಕೆ ಒಪ್ಪಿಸತೊಡಗಿದವು. ಹೆಡ್‌ಫೋನ್ ಬೀರು ಸೇರಿತು. ಹೊಸ ವಿಧಾನವೇ ಮೇಲು, ಅದರಲ್ಲಿ ನನಗೆ ಅನುಮಾನವಿಲ್ಲ. ಸೀಗಡಿಗಳ ಚಟಪಟ ಮಾತ್ರ ಒಮ್ಮೊಮ್ಮೆ ಅಡುಗೆಮನೆಯಲ್ಲಿ ನೆನಪಾಗುತ್ತದೆ. ಆದ್ದರಿಂದ ಮಗಳೇ, ನೀನು ಕೇಳಿದ ಕೆಂಪು ಚುಕ್ಕೆ ತಪ್ಪಲ್ಲ. ಫ್ಲೋಟ್ ಇರಬಹುದಾಗಿದ್ದ ಇನ್ನೊಂದು ಜಾಗ ಅದು. ಕಂಪ್ಯೂಟರಿಗೆ ಹಾಕುವಾಗ ಅದನ್ನೂ ಹಾಕು.

ದೇಸಾಯಿ ಸರ್ ನಿವೃತ್ತರಾದ ದಿನ ಮೇಜಿನ ಖಾನೆ ಖಾಲಿ ಮಾಡುತ್ತಿದ್ದರು. ನನ್ನನ್ನು ಕರೆದು ಒಂದು ಸಣ್ಣ ಪೊಟ್ಟಣ ಕೊಟ್ಟರು. ಬಿಚ್ಚಿದರೆ ನನ್ನ ಆ ಹಳೆಯ ರಬ್ಬರ್.

"ತಗೋರಿ ಬಾಯಾರ. ಇನ್ನ ನಿಮ್ಮ ಕೈಯಾಗ ಇದ್ರ ಭಯ ಇಲ್ಲ."

ಮನೆಗೆ ತಂದು ಒಂದು ಪೆನ್ಸಿಲ್ ಗೀಟಿನ ಮೇಲೆ ತಿಕ್ಕಿ ನೋಡಿದೆ. ಇಷ್ಟು ವರ್ಷ ಖಾನೆಯಲ್ಲಿ ಕೂತು ಕಲ್ಲಾಗಿತ್ತು. ಕಾಗದ ಹರಿಯಿತು, ಗೀಟು ಹಾಗೇ ಇತ್ತು.